ಮಗಳ ತಲೆಯ ಮೇಲಿನ ಆಣೆ

ಹವಾಲ್ದಾರ ಫಕೀರಪ್ಪ ಒಮ್ಮೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹೊರಟ ರೈಲಿನ ಕೊನೆಯ ಡಬ್ಬಿಯನ್ನು ಒಂದೇ ಕೈಯಲ್ಲಿ ಹಿಡಿದು ಜಗ್ಗಿದ. ಎಂಜಿನ್ನು ಕುಂಯ್‌ಗುಟ್ಟುತ್ತ ಹಿಂದಕ್ಕೆ ಬಂತು. ಇಂಥವನು ಹೆಂಡತಿಯನ್ನು ಬಡಿಯುವ ಗಂಡನಿಂದ ಆಣೆ ಮಾಡಿಸಿದನೆಂದರೆ ಮುಗಿಯಿತು. ಎರಡು ಸಾವಿರ ಗಂಡಂದಿರು! ಒಬ್ಬನೂ ಮತ್ತೆ ಕೈ ಎತ್ತಲಿಲ್ಲ. ಕೆಲವರಿಗಂತೂ ಸೊಳ್ಳೆ ಹೊಡೆಯಲಿಕ್ಕೂ ಕೈ ಏಳಲಿಲ್ಲ.

ಇದನ್ನೆಲ್ಲ ಅವನು ಠಾಣೆಯ ಮಕ್ಕಳ ಕೋಣೆಯಲ್ಲಿ, ಯೂನಿಫಾರ್ಮ್ ತೆಗೆದು ಚೌಕಳಿ ಅಂಗಿ ತೊಟ್ಟು, ಎಂಟು ವರ್ಷದ ಸೌಂದರ್ಯಾಳಿಗೆ ಹೇಳುತ್ತಿದ್ದ. ಅವಳನ್ನು ಮಾತಿಗೆಳೆಯಬೇಕಿತ್ತು. ತಾಯಿ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಮೆಟ್ಟಿಲಿಂದ ಬಿದ್ದಳೆಂದು ಹೇಳಿದ ಅಪ್ಪ, ಮಗಳನ್ನು ಮನೆಗೆ ಕರೆದೊಯ್ಯಲು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ. ಕೇಶ್ವಾಪುರದ ಅವರ ಬಾಡಿಗೆ ಮನೆಯಲ್ಲಿ ನಡೆದದ್ದನ್ನು ಕಂಡವಳು ಇವಳೊಬ್ಬಳೇ.

ಮಕ್ಕಳ ರಕ್ಷಣಾ ಘಟಕದಿಂದ ಬಂದ ವೃಂದಾ ಮೂರನೆಯ ಸಲ ಕೇಳಿದಳು: “ಅವ್ವಗ ಏನಾತವಾ?”

“ಬಿದ್ದಳ್ರಿ.”

“ನಿನ್ನ ಕೈಗೆ ಬಾವು ಬಂದದಲ್ಲಾ?”

“ನಾನೂ ಬಿದ್ದೇನ್ರಿ.”

“ಹೆದರಬ್ಯಾಡ,” ಎಂದ ಫಕೀರಪ್ಪ. “ರೈಲು ಜಗ್ಗಿದಾಂವ ನಾ ಅದೇನಿ!”

ಹುಡುಗಿ ಮೊದಲ ಸಲ ಅವನ ಮುಖ ನೋಡಿದಳು. “ಕಾಕಾ, ದೀಪಾವಳಿಗೆ ನಮ್ಮ ಮನಿಗೆ ಬಂದಾವ್ರು ನೀವ ಅಲ್ಲೇನ್ರಿ? ಅಪ್ಪನ ಕೈ ನನ್ನ ತಲಿ ಮ್ಯಾಲ ಇಡಿಸಿ ಆಣಿ ಮಾಡಿಸಿದ್ರಿ. ಮತ್ತ ಹೊಡದ್ರ ಮಗಳು ಸಾಯ್ತಾಳ ಅಂದ್ರಿ.” ದನಿ ಇಳಿಯಿತು. “ಅದಕ್ಕ ಅವ್ವ ಬಿದ್ದಳ್ರಿ. ಅಪ್ಪ ಹೊಡದಿಲ್ಲ. ನಾ ಸತ್ರ ಅವ್ವನ್ನ ಯಾರು ನೋಡತಾರ?”

ವೃಂದಾಳ ಪೆನ್ನು ನಿಂತಿತು. ಫಕೀರಪ್ಪನಿಗೂ ಬೆಳಿಗ್ಗೆಯೇ ಗುರುತು ಸಿಕ್ಕಿತ್ತು. ಮಗುವಿಗೆ ನೆನಪಿರಲಿಕ್ಕಿಲ್ಲ ಅಂದುಕೊಂಡಿದ್ದ. ಕುರ್ಚಿ ಬಿಟ್ಟು ನೆಲಕ್ಕೆ ಕೂತ.

“ಕೇಳಿಲ್ಲೆ, ತಂಗಿ. ನಾ ಯಾವ ರೈಲೂ ಜಗ್ಗಿಲ್ಲ. ಎರಡು ಸಾವಿರ ಅಲ್ಲ, ಒಂಬತ್ತೋ ಹತ್ತೋ ಮಂದಿ. ಅವರು ಮತ್ತ ಹೊಡದ್ರೋ ಬಿಟ್ರೋ, ಹೋಗಿ ನೋಡೇ ಇಲ್ಲ. ಗುಟ್ಕಾ ಬಿಡತೇನಿ ಅಂತ ನನ್ನ ಮಗನ ತಲಿ ಮುಟ್ಟಿ ಎಂಟು ಸಲ ಆಣಿ ಮಾಡೇನಿ.” ಕಿಸೆಯಿಂದ ಗುಟ್ಕಾ ಪೊಟ್ಟಣ ತೆಗೆದು ತೋರಿಸಿದ. “ಅಂವಾ ತಾರಿಹಾಳದಾಗ ಲೇತ್ ಮಷೀನ್ ನಡಸಾಕತ್ತಾನ. ದಿನಾ ಆರು ರೊಟ್ಟಿ ತಿಂತಾನ. ಆಣಿಗೆ ಯಾರೂ ಸಾಯಂಗಿಲ್ಲ.”

“ಖರೇನ್ರಿ?”

“ಖರೇ.”

ಸೌಂದರ್ಯಾ ತನ್ನ ತಲೆ ಮುಟ್ಟಿ ನೋಡಿಕೊಂಡಳು. “ಲಟ್ಟಣಿಗಿಲೆ ಹೊಡದಾನ್ರಿ,” ಎಂದಳು. “ಅವ್ವ ಅಳೋದು ನಿಂತ ಮ್ಯಾಲೂ.”

ಅವಳು ಹೇಳಿ ಮುಗಿಸುವವರೆಗೆ ಫಕೀರಪ್ಪ ತಲೆ ಎತ್ತಲಿಲ್ಲ. ಆಮೇಲೆ, “ಮೇಡಂ, ನಂದೂ ಬರಕೋರಿ,” ಎಂದ. “ದೀಪಾವಳಿ ದಿನ ಇಕಿ ಅವ್ವ ಕೇಸ್ ಮಾಡ್ರಿ ಅಂತ ಕಾಲಿಗೆ ಬಿದ್ದಿದ್ದಳು. ಹಬ್ಬದಾಗ ಯಾರು ಬರಕೋತ ಕೂಡಬೇಕಂತ ಬ್ಯಾಸರಾತು. ಆಣಿ ಮಾಡಿಸಿ, ಎದ್ದು ಬಂದೆ.”