ನಿನ್ನೆಯ ತಾರೀಕಿಗೆ ಸೇರಿದ ಪಟ್ಟಿ

ಕೆಂಪಾಪುರದ ಡಯಾಲಿಸಿಸ್ ಕೇಂದ್ರದಲ್ಲಿ ವ್ಯಾನುಗಳ ಉಸ್ತುವಾರಿ ನಾಗಲಕ್ಷ್ಮಿಯದು. ಹನ್ನೆರಡು ವರ್ಷದ ಹಿಂದೆ ಚೀಟಿ ಬರೆಯಲು ಸೇರಿದವಳು ಈಗ ಕಂಪ್ಯೂಟರನ್ನೂ ನೋಡಿಕೊಳ್ಳುತ್ತಿದ್ದಳು. ಅದಕ್ಕಿದ್ದದ್ದು ಎರಡೇ ಕೆಲಸ. ಮೊದಲನೆಯದು ಬೆಳಿಗ್ಗೆ ಐದೂವರೆಗೆ ರೋಗಿಗಳ ಪಟ್ಟಿ ಮಾಡಬೇಕು. ಅದು ಮುಗಿದ ಗುರುತು ಬಿದ್ದ ಮೇಲೆ ಎರಡನೆಯದು ಆ ಪಟ್ಟಿಯನ್ನು ಡ್ರೈವರುಗಳ ಮೊಬೈಲಿಗೆ ಕಳಿಸಬೇಕು. ಆ ಗುರುತಿಗೆ ತಾರೀಕು ಉಂಟು. ತನ್ನ ತಾರೀಕಿನ ಗುರುತು ಕಾಣದೆ ಎರಡನೆಯದು ಅಲುಗುವುದಿಲ್ಲ.

ಮೊದಲು ಕಂಪ್ಯೂಟರಿನ ದಿನ ನಡುರಾತ್ರಿಗೆ ಬದಲಾಗುತ್ತಿತ್ತು. ರಾತ್ರಿ ಪಾಳಿಯವರ ಹಾಜರಿ ಎರಡು ದಿನಕ್ಕೆ ಹರಿದು ಹಂಚಿಹೋಗುತ್ತದೆಂದು ಅದನ್ನು ಬೆಳಿಗ್ಗೆ ಆರಕ್ಕೆ ತಳ್ಳಿಸಿದವಳು ನಾಗಲಕ್ಷ್ಮಿಯೇ. ಹೊತ್ತು ಹುಟ್ಟಿದರೆ ತಾನೇ ದಿನ ಎಂದಿದ್ದಳು. ಅದನ್ನೆಲ್ಲ ಕೂಡಿಸಿಕೊಟ್ಟ ಗೋಕುಲ್ ಅಂದೇ ಎಚ್ಚರಿಸಿದ್ದ. ಆರಕ್ಕೆ ಅದು ಹಿಂದಿನ ದಿನ ಕಾಯುತ್ತಿದ್ದುದನ್ನೆಲ್ಲ ಅಳಿಸಿ ಹೊಸ ದಿನದ್ದನ್ನು ಕೂರಿಸುತ್ತದೆ, ಪಟ್ಟಿ ಅಷ್ಟರೊಳಗೆ ಮುಗಿಯದಿದ್ದರೆ ಕೊಂಡಿ ಕಳಚುತ್ತದೆ ಎಂದು. ಹತ್ತು ನಿಮಿಷದ ಕೆಲಸ ಆರು ದಾಟುವುದುಂಟೇ ಎಂದು ಅವಳು ನಕ್ಕಿದ್ದಳು.

ಒಂದು ಮಂಗಳವಾರ ನೆಟ್ ಎಳೆದಾಡಿ ಪಟ್ಟಿ ಮುಗಿದಾಗ ಆರು ಗಂಟೆ ನಾಲ್ಕು ನಿಮಿಷ. ಕೆಲಸ ಆರಕ್ಕೆ ಮುಂಚೆ ಶುರುವಾದದ್ದರಿಂದ ಗುರುತು ಬಿದ್ದದ್ದು ಸೋಮವಾರದ ತಾರೀಕಿಗೆ. ಆರಕ್ಕೆ ಬಂದು ಕಾಯುತ್ತ ಕೂತದ್ದು ಮಂಗಳವಾರದ ಕಳಿಸುವ ಕೆಲಸ. ನಾಗಲಕ್ಷ್ಮಿ ಕಂಡದ್ದು ಪಟ್ಟಿಯ ಮುಂದಿನ ಹಸಿರು ಬಣ್ಣ ಮಾತ್ರ.

ಆರೂವರೆಗೆ ಅಲ್ಲಾಳಸಂದ್ರ ಕೆರೆಯ ಹತ್ತಿರದಿಂದ ಡ್ರೈವರ್ ರಹಮತುಲ್ಲಾ ಫೋನ್ ಮಾಡಿದ. "ಅಕ್ಕಾ, ಪಟ್ಟಿ ಬಂದಿಲ್ಲ. ಮಂಗಳವಾರ ಅಂಜನಮ್ಮಂಗೆ ಡಯಾಲಿಸಿಸ್ ಅಲ್ವಾ, ಕರ್ಕೊಂಡು ಬಂದ್ಬಿಡ್ಲಾ?"

ಹೋದ ತಿಂಗಳು ಅವನು ಹೀಗೇ ಪಟ್ಟಿ ಇಲ್ಲದೆ ಹೋಗಿ, ಒಂದೇ ಮನೆಗೆ ಎರಡು ವ್ಯಾನು ನಿಂತು, ಅವಳು ಎಲ್ಲರೆದುರು ಗದರಿದ್ದಳು. "ಇಲ್ಲಿ ಹಸಿರಾಗಿದೆ ರಹಮತುಲ್ಲಾ. ಬರುತ್ತೆ, ಇರಿ. ಪಟ್ಟಿ ಇಲ್ದೆ ಗಾಡಿ ಎತ್ಬೇಡಿ."

ಅವನು ಎತ್ತಲಿಲ್ಲ. ಎರಡು ಬೀದಿ ಆಚೆ ಅಂಜನಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದರು. ಮಗ ಸುರೇಶ್ ಬೆಳಗಿನ ಪಾಳಿಗೆ ಹೋಗಿದ್ದ. ಹಿಂದಿನ ಡಯಾಲಿಸಿಸ್ ಶನಿವಾರ ಆದದ್ದು. ಮೈಯಲ್ಲಿ ನೀರು ತುಂಬಿ ಕಾಲು ಊದಿತ್ತು. ಮಿಕ್ಕ ರೋಗಿಗಳು ಆಟೋ ಹತ್ತಿ ಬರತೊಡಗಿದಾಗ ನಾಗಲಕ್ಷ್ಮಿ ಗೋಕುಲ್‌ಗೆ ಫೋನ್ ಮಾಡಿ, ಅವನು ಹೇಳಿದಂತೆ ಪಟ್ಟಿಯನ್ನು ಕೈಯಾರೆ ಕಳಿಸಿದಳು. ಆಗ ಎಂಟೂ ಇಪ್ಪತ್ತು. ವ್ಯಾನು ಹೋಗುವಷ್ಟರಲ್ಲಿ ಅಂಜನಮ್ಮನಿಗೆ ಉಸಿರು ಸಿಗುತ್ತಿರಲಿಲ್ಲ. ರಹಮತುಲ್ಲಾ ನೇರ ದೊಡ್ಡಾಸ್ಪತ್ರೆಗೆ ಓಡಿಸಿದ. ನಾಲ್ಕು ದಿನ ಐಸಿಯು. ಜೀವ ಉಳಿಯಿತು.

ಅವರು ಮನೆಗೆ ಬಂದ ಮೇಲೆ ನಾಗಲಕ್ಷ್ಮಿ ನೋಡಲು ಹೋದಳು. ಕಂಪ್ಯೂಟರಿನ ತಪ್ಪು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಆ ಮುಖ ಕಂಡಾಗ ಅದು ಬಾಯಿಗೆ ಬರಲಿಲ್ಲ.

"ರಹಮತುಲ್ಲಾ ಬರ್ತೀನಿ ಅಂದ್ರು, ನಾನೇ ತಡೆದೆ ಅಮ್ಮಾ."

ಅಂಜನಮ್ಮ ಅವಳ ಕೈ ಹಿಡಿದುಕೊಂಡರು. "ಫೋನ್ ಮಾಡಾನ ಅಂತಿದ್ದೆ ಕಣವ್ವಾ. ನೀನಿದ್ದೀಯಲ್ಲ, ಕಳಿಸೇ ಕಳಿಸ್ತೀಯ ಅಂತ ಸುಮ್ಕೆ ಕೂತೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸುರೇಶ್ ಕಾಫಿ ಕೊಟ್ಟ. ಯಲಹಂಕದ ಬೇರೆ ಕೇಂದ್ರಕ್ಕೆ ಸೇರಿಸಿದ್ದೇವೆ, ಅಮ್ಮನ ಹಳೆಯ ಫೈಲು ಬೇಕು ಎಂದ. ನಾಳೆ ಕಳಿಸುತ್ತೇನೆ ಎಂದು ನಾಗಲಕ್ಷ್ಮಿ ಎದ್ದಳು. ಬಾಗಿಲ ಬಳಿ ನಿಂತು, ಕಳಿಸುವುದು ಬೇಡ, ತಾನೇ ತಂದುಕೊಡುತ್ತೇನೆ ಎಂದಳು.