ಬಿಸಿಲ ಹಾಲು

ಭೀಮನಬೀಡಿನ ಮರಿಮಲ್ಲಪ್ಪನವರಿಗೆ ಕೂಲಿಯವರ ಮಕ್ಕಳ ಮೇಲೆ ಕರುಣೆ ಹುಟ್ಟಿದ್ದು ಐವತ್ತೇಳನೇ ಇಸವಿಯಲ್ಲಿ, ಅವರ ರಾಗಿ ಹೊಲದ ತುಂಬ ಕಳೆ ಎದ್ದಾಗ. ಅಲ್ಲಿಯವರೆಗೆ ಹೆಂಗಸರು ಕೂಸುಗಳನ್ನು ಹೊಲಕ್ಕೇ ತರುತ್ತಿದ್ದರು; ಅವು ಅತ್ತಾಗ ಎದ್ದು ಹೋಗಿ ಹಾಲು ಕೊಡುತ್ತಿದ್ದರು. ಅಷ್ಟು ಹೊತ್ತು ಕಳೆ ನಿಂತಲ್ಲೇ ನಿಂತಿರುತ್ತಿತ್ತು. ಮರಿಮಲ್ಲಪ್ಪನವರು ಇದನ್ನು ಲೆಕ್ಕ ಹಾಕಿದ್ದರೆಂದು ನಾನು ಆಣೆಯಿಟ್ಟು ಹೇಳಲಾರೆ. ಅವರು ಹೇಳಿದ್ದು ಇಷ್ಟೇ: ಬಿಸಿಲಲ್ಲಿ ದುಡಿದವಳ ಮೊಲೆಯಲ್ಲಿ ಹಾಲು ಕಾದಿರುತ್ತದೆ, ಅದು ಕೂಸಿಗೆ ವಿಷ, ಇನ್ನು ಮೇಲೆ ಮಕ್ಕಳು ಮನೆಯಲ್ಲೇ ಇರಲಿ.

ಮಾತು ಹೊಸದಲ್ಲ. ಬಿಸಿಲ ಹಾಲಿನ ಭಯ ಎಲ್ಲರ ಮನೆಯಲ್ಲೂ ಇತ್ತು. ಆ ಭಯಕ್ಕೊಬ್ಬ ಯಜಮಾನ ಸಿಕ್ಕಿದ್ದು ಮಾತ್ರ ಹೊಸದು.

ಚಿಕ್ಕನಿಂಗಮ್ಮನ ಮಗ ರಾಚನಿಗೆ ಆಗ ಹತ್ತು ತಿಂಗಳು. ಅವಳು ಕಳೆಗೆ ಹೋದರೆ ಹಗಲೆಲ್ಲ ಅತ್ತೆ ಈರಮ್ಮನ ಮಡಿಲಲ್ಲಿ ತೆಳು ಅಂಬಲಿ ನೆಕ್ಕಿಕೊಂಡಿರುತ್ತಿದ್ದ. ಸಂಜೆ ತಾಯಿ ಬಂದರೂ ಈರಮ್ಮ ಕೂಸನ್ನು ಕೊಡಳು.

"ಮೊದ್ಲು ಕಾದ ಆಲ ಇಂಡಿ ಚೆಲ್ಲು ಕಣಮ್ಮಿ. ಆಮೇಕೆ ಎತ್ಕೊ."

ಅವಳು ಗೋಡೆಯ ಬುಡದಲ್ಲಿ ಕೂತು ಹಿಂಡಿ ಚೆಲ್ಲುವಳು. ಬರಬರುತ್ತ ಚೆಲ್ಲುವುದಕ್ಕೂ ಹಾಲು ಸಾಲದಾಯಿತು. ರಾಚನ ತೊಡೆಯ ಚರ್ಮ ಜೋತುಬಿತ್ತು. ಅವನು ಅಳುವುದನ್ನೂ ಬಿಟ್ಟ. ಮರಿಮಲ್ಲಪ್ಪನವರ ಹೆಂಡತಿ ದಾರಿಯಲ್ಲಿ ನೋಡಿ, ಎಷ್ಟು ಸಾಧು ಮಗು ಎಂದು ಮೆಚ್ಚಿಕೊಂಡರು.

ಆ ದಿನಗಳಲ್ಲೇ ಗುಂಡ್ಲುಪೇಟೆ ಕಡೆಯಿಂದ ಗ್ರಾಮಸೇವಿಕೆ ಮಂಗಳಗೌರಿ ಬಂದರು. ಮರಿಮಲ್ಲಪ್ಪನವರ ಜಗಲಿಯಲ್ಲಿ ಕಾಫಿ ಕುಡಿದು, ಅಂಗಳದಲ್ಲಿ ನಿಂತ ಕೂಲಿ ಹೆಂಗಸರಿಗೆ ಕಿತ್ತಳೆ ಹಣ್ಣಿನ ಚಿತ್ರ ತೋರಿಸಿದರು. ಚಿತ್ರ ಚೆನ್ನಾಗಿತ್ತು. ಮೊಟ್ಟೆಯ ಚಿತ್ರ ಬಂದಾಗ, ಕೂತಿರುವುದು ಯಾರ ಮನೆಯಲ್ಲೆಂದು ನೆನೆದು ಬೇಗ ಮಗುಚಿದರು. ಕೂಲಿಯ ಆಸೆಗೆ ಕೂಸು ಬಿಟ್ಟು ಹೋಗುವವಳು ತಾಯಿಯೇ ಅಲ್ಲ, ಮೂರು ಗಂಟೆಗೊಮ್ಮೆ ಎದೆಹಾಲು ಕೊಡಲೇಬೇಕು ಎಂದರು.

"ಒಲಕ್ಕೇ ಕೂಸ ತಂದು ಆಲು ಕೊಡಬೌದಾ ಅಮ್ಮಾವ್ರೆ?" ಎಂದು ಚಿಕ್ಕನಿಂಗಮ್ಮ ಕೇಳಿದಳು.

ಮಂಗಳಗೌರಿ ಜಗಲಿಯ ಯಜಮಾನರ ಮುಖ ನೋಡಿದರು. "ಬಿಸಿಲಲ್ಲಿ ಬೇಡ ಅಂತ ಇವರೇ ಹೇಳಿದಾರಂತಲ್ಲಮ್ಮ. ನಿಮ್ಮ ಒಳ್ಳೇದಕ್ಕೇ."

ಚಿಕ್ಕನಿಂಗಮ್ಮ ಮರಿಮಲ್ಲಪ್ಪನವರ ಕಡೆ ತಿರುಗಿದಳು. "ಬುದ್ದಿ, ನಿಮ್ಮ ಅಸ ದಿನಾ ಬಿಸ್ಲಲ್ಲೇ ಮೇಯ್ತದಲ್ಲ. ಅದ್ರ ಆಲಲ್ಲೇ ಇಬ್ರೂ ಕಾಫಿ ಕುಡುದ್ರಿ. ಏನೂ ಆಗ್ನಿಲ್ವಲ್ಲ."

ಹಿಂದೆ ನಿಂತಿದ್ದ ಕಳೆಯ ಜೊತೆಗಾತಿ ಮಲ್ಲಿಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಹಸೂಗೂ ನಿಂಗೂ ಸಮವೇನಮ್ಮಿ?" ಎಂದರು ಮರಿಮಲ್ಲಪ್ಪ.

"ಎಲ್ಲಾದ್ರೂ ಉಂಟಾ ಬುದ್ದಿ. ಅಸೀಗೆ ಮೊದ್ಲು ಕರೂನ ಬುಡ್ತೀರಿ, ಆಮೇಕೆ ಆಲು ಕರ್ಕೊತೀರಿ."

ಮಂಗಳಗೌರಿ ಚಿತ್ರಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಚಿಕ್ಕನಿಂಗಮ್ಮ ರಾಚನನ್ನು ಕಂಕುಳಲ್ಲಿಟ್ಟು ಹೊರಟಳು. ಕೂಸನ್ನ ಕೊಲ್ತೀಯ ಎಂದು ಈರಮ್ಮ ಊರಾಚೆಯವರೆಗೂ ಬೈದುಕೊಂಡು ಬಂದಳು. ಮಲ್ಲಿಗಮ್ಮನ ಕಂಕುಳಲ್ಲೂ ಕೂಸಿತ್ತು.

ಮರಿಮಲ್ಲಪ್ಪ ಬದುವಿನ ಮೇಲೆ ನಿಂತಿದ್ದರು. "ಕೂಸೋ, ಕಳೆಯೋ? ಒಂದ ಹೇಳು."

"ಕೂಸು, ಬುದ್ದಿ" ಎಂದು ಚಿಕ್ಕನಿಂಗಮ್ಮ ಅಲ್ಲೇ ಕೂತಳು.

"ಏಳಕ್ಕ, ಪಕ್ಕದ ಪುಟ್ಟಮಲ್ಲಪ್ಪೋರ ಒಲಕ್ಕೋಗನ" ಎಂದಳು ಮಲ್ಲಿಗಮ್ಮ. "ಅಲ್ಲೂ ಕಳೆ ಅದ, ಆಳಿಲ್ಲ."

ಉಳಿದವರೂ ಸಾಲಿಗೆ ಇಳಿಯಲಿಲ್ಲ. ಮರಿಮಲ್ಲಪ್ಪ ರಾಗಿ ನೋಡಿದರು, ರಾಗಿಗಿಂತ ಎತ್ತರದ ಕಳೆ ನೋಡಿದರು, ಕೆಮ್ಮಿದರು.

"ಹೊಂಗೆ ನೆರಳಲ್ಲಿ ಒಂದು ಗಳಿಗೆ ಕೂತ್ರೆ ಹಾಲಿನ ಕಾವು ಇಳೀತದೆ. ನಮ್ಮಜ್ಜಿ ಹೇಳ್ತಿತ್ತು."

ಆ ಅಜ್ಜಿ ಸತ್ತು ಬಹಳ ಕಾಲವಾಗಿತ್ತು. ಈ ಮಾತನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದರೋ.

ಮಧ್ಯಾಹ್ನ ಹೊಂಗೆಯ ಕೆಳಗೆ ರಾಚ ಮೊದಲು ಬಾಯಿಯನ್ನೇ ತೆರೆಯಲಿಲ್ಲ. ಚಿಕ್ಕನಿಂಗಮ್ಮ ಅವನ ತುಟಿಯ ಮೇಲೆ ಹನಿ ಹನಿಯಾಗಿ ಹಿಂಡಿದಳು. ನೆಕ್ಕಿದ. ಆಮೇಲೆ ಕಚ್ಚಿಕೊಂಡ. ಮಿಕ್ಕವರೆಲ್ಲ ಎದ್ದು ಸಾಲಿಗೆ ಹೋದರು.

"ಕಾವು ಇಳೀತಲ್ಲ, ಸಾಕು ಬಾಮ್ಮಿ" ಎಂದು ಮರಿಮಲ್ಲಪ್ಪ ಬದುವಿನಿಂದ ಕರೆದರು.

ಅವಳು ತಲೆಯೆತ್ತಲಿಲ್ಲ. ಮಗುವನ್ನು ಇನ್ನೊಂದು ಮೊಲೆಗೆ ತಿರುಗಿಸಿಕೊಂಡಳು.