ಬೇರಿಳಿದ ನೀರು

ಮಲ್ಲೇಶಪ್ಪ ಕೊಳದಿಂದ ಬಕೆಟ್ ತುಂಬಿ ಚರಂಡಿಗೆ ಸುರಿಯುತ್ತಿದ್ದಾಗ ಅನ್ನಪೂರ್ಣ ಗೇಟು ದೂಡಿಕೊಂಡು ಒಳಗೆ ಬಂದಳು. ಜಗಳೂರಿನಿಂದ ಮೊದಲ ಬಸ್ಸು ಹಿಡಿದು ನ್ಯಾಮತಿಯ ಅಕ್ಕನ ಮನೆ ಮುಟ್ಟುವ ತನಕ ಅವಳಿಗೆ ಅಳು ಬಂದಿರಲಿಲ್ಲ. ಅಕ್ಕ ಹೇಮಾವತಿಯ ಹೆಣವನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಆ ಕಡೆ ನೋಡಲಾರದೆ ಅನ್ನಪೂರ್ಣ ಬಕೆಟ್ಟನ್ನು ನೋಡಿದಳು. ನೀರಿನ ಜೊತೆ ಒಂದು ಬಜೆ ಗಿಡವೂ ಬಂದು ಚರಂಡಿಯ ಅಂಚಿಗೆ ಬಿತ್ತು.

"ಮಲ್ಲೇಶಪ್ಪಣ್ಣ, ಏನ್ರೀ ಮಾಡ್ತಿದೀರಿ?"

"ಅಜ್ಜಮ್ಮೋರು ಹೇಳಿದ್ರು ಕಣಮ್ಮ. ಸತ್ತ ಮನ್ಯಾಗೆ ತುಂಬಿಟ್ಟ ನೀರು ಇರಬಾರ್ದಂತೆ." ಪಕ್ಕದ ಮನೆಯ ಮಲ್ಲೇಶಪ್ಪ ಸೊಂಟ ನೆಟ್ಟಗೆ ಮಾಡಿದ. "ಕೊಡ, ಹಂಡೆ ಆದ್ರೆ ಹೆಣ ಎತ್ತಿದ ಮೇಲೆ ಚೆಲ್ಬೋದು. ಇದನ್ನ ಬರಿದು ಮಾಡಾಕೆ ಈಗ್ಲೇ ಹಚ್ಕಬೇಕು."

ಹೇಮಾವತಿ ನಿನ್ನೆ ಸಂಜೆ ಇದೇ ದಡದಲ್ಲಿ ಗಿಡ ನೆಡುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದ್ದಳು. ಐವತ್ತು ದಾಟಿ ಒಂದೆರಡು ವರ್ಷ ಆಗಿತ್ತಷ್ಟೆ. ಬಿಪಿ ಇತ್ತಾ, ಶುಗರ್ ಇತ್ತಾ ಎಂದು ಬಂದವರೆಲ್ಲ ಕೇಳುತ್ತಿದ್ದರು. ಇಲ್ಲವೆಂದರೆ ತಮ್ಮ ಎದೆಯ ಮೇಲೊಮ್ಮೆ ಕೈಯಿಟ್ಟುಕೊಳ್ಳುತ್ತಿದ್ದರು. ಅವಳ ಗಂಡ ರಂಗನಾಥ ಗೊಬ್ಬರದ ಅಂಗಡಿಯ ಕೀಲಿಗೊಂಚಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ.

ಕೊಳ ಮುಚ್ಚಿಸಿ ಅಲ್ಲಿ ಅಂಗಡಿಯ ಆಟೋ ನಿಲ್ಲಿಸಬೇಕೆಂದು ಅವನು ಹೇಳುತ್ತಲೇ ಬಂದಿದ್ದ. ಇವತ್ತು ನೀರು ಹೋದರೆ ತಿಂಗಳೊಳಗೆ ಅಲ್ಲಿ ಸಿಮೆಂಟು ಬೀಳುತ್ತದೆ ಎಂದು ಅನ್ನಪೂರ್ಣಳಿಗೆ ಅನ್ನಿಸಿತು. ಅಕ್ಕ ಕೈಯಾರೆ ಮಾಡಿದ್ದು ಅಂತ ಈ ಮನೆಯಲ್ಲಿ ಇನ್ನೇನಿತ್ತು?

*

ಮನೆ ಕಟ್ಟುವಾಗ ಸಿಮೆಂಟಿಗೆ ನೀರು ತುಂಬಿಡಲು ಮಾಡಿದ್ದ ತೊಟ್ಟಿ ಅದು. ಹೇಮಾವತಿ ಅದರಲ್ಲಿ ನಾಲ್ಕು ಮೀನು ಬಿಟ್ಟು ಒಂದು ನೈದಿಲೆ ಗೆಡ್ಡೆ ಇಟ್ಟಿದ್ದಳು. ಬೇಗ ಹೂವಾಗಲಿ ಎಂದು ರಂಗನಾಥ ಅಂಗಡಿಯಿಂದ ಒಂದು ಹಿಡಿ ಯೂರಿಯಾ ತಂದು ಸುರಿದ. ಹೂವಾಗಲಿಲ್ಲ. ವಾರದೊಳಗೆ ನೀರು ಹಸಿರು ಬಣ್ಣ ಕಲಸಿದಂತಾಗಿ, ಪಾಚಿ ಕೂದಲಿನ ಹಾಗೆ ಕೈಗೆ ಸುತ್ತಿಕೊಳ್ಳತೊಡಗಿತು. ಅದಕ್ಕೆ ಮದ್ದೆಂದು ಅಡಿಕೆ ತೋಟದವರು ಕೊಳೆರೋಗಕ್ಕೆ ಒಯ್ಯುವ ಮೈಲುತುತ್ತ ಹಾಕಿದ. ಬೆಳಗಾದಾಗ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

"ನಿಮ್ ಭಾವಂಗೆ ಯಾವ ಕಾಯಿಲೆ ತೋರಿಸಿದ್ರೂ ಕೈ ಅಂಗಡಿ ಕಡಿಗೇ ಹೋಗ್ತೈತೆ" ಎಂದು ಫೋನಿನಲ್ಲಿ ನಕ್ಕಿದ್ದಳು ಹೇಮಾವತಿ. ಗಂಡನಿಗೆ ಮಾತ್ರ ಏನೂ ಹೇಳಿರಲಿಲ್ಲ. ತೊಟ್ಟಿಯನ್ನು ತೊಳೆದು ತೊಳೆದು ಮತ್ತೆ ತುಂಬಿಸಿ, ಸಾಸ್ವೆಹಳ್ಳಿಯ ಕಡೆಯ ಕಾಲುವೆಯಿಂದ ಬಜೆ, ಜೊಂಡು, ಇನ್ನೆರಡು ನೈದಿಲೆ ತಂದು ಇಳಿಸಿದ್ದಳು. ಅಂಚಿಗೆ ಒಂದೆಲಗ. ಹೊಸ ಮೀನು.

ಆಮೇಲೊಮ್ಮೆ ಬಂದಾಗ ಅನ್ನಪೂರ್ಣ ಬಗ್ಗಿ ನೋಡಿದ್ದಳು. "ಅಕ್ಕ, ಪಾಚಿ ಮತ್ತೆ ಬಂದೈತಲ್ಲ."

"ಬೇರು ಇಳೀಲಿ ತಡಿಯೇ. ಪಾಚಿಗೆ ಬಿಸ್ಲು ಬೇಕು, ತಿನ್ನಾಕೆ ಬೇಕು. ಬಿಸ್ಲನ್ನ ನೈದಿಲೆ ಎಲೆ ತಡೀತೈತೆ. ಊಟಾನ ಈ ಬೇರುಗಳು ಕಸ್ಕಂತವೆ. ಉಪವಾಸ ಬಿದ್ದು ತಾನೇ ಹೋಗ್ತೈತೆ."

"ಅದ್ಯಾವ ಕಾಲಕ್ಕೆ?"

"ಆಗ್ಲಿ ಬಿಡು. ನಂಗೆಲ್ಲಿಗೆ ಹೋಗೋ ಅವಸರ ಐತೆ?"

*

"ಅತ್ತೆ, ಇದು ತುಂಬಿಟ್ಟ ನೀರಲ್ಲ. ಇದ್ರಾಗೆ ಬೇರು ಐತೆ, ಜೀವ ಐತೆ." ಅನ್ನಪೂರ್ಣ ಬಕೆಟ್ಟಿನ ಹಿಡಿ ಹಿಡಿದುಕೊಂಡೇ ಹೇಳಿದಳು. "ಊರಾಗೆ ಯಾರಾನ ಸತ್ರೆ ಕೆರೆ ಬತ್ತಿಸ್ತಾರಾ?"

ರಂಗನಾಥನ ತಾಯಿ ಅಜ್ಜಮ್ಮ ಜಗಲಿಯಿಂದಲೇ ತಿರುಗಿದಳು. "ಕೆರೆಗೆ ಕಾಂಪೌಂಡ್ ಐತೇನವ್ವ? ಇದು ನಮ್ ಗೇಟಿನ ಒಳಗೈತೆ."

ಯಾರೋ ಬಾಯಿಗೆ ಸೆರಗು ಹಿಡಿದರು. ಅದು ನಗೆಯೋ ಅಳುವೋ ತಿಳಿಯಲಿಲ್ಲ.

"ಓದಿದೋಳು ನೀನು, ಮಾತಾಡ್ತೀಯ" ಎಂದಳು ಅಜ್ಜಮ್ಮ. "ನಾನಿದ್ದು ಅವಳು ಹೋದ್ಲು. ನಂಗೆ ಇನ್ನೇನ್ ತಿಳೀತೈತೆ? ಮಾಡ್ಬೇಕಾದ್ ಶಾಸ್ತ್ರಾನಾರ ನೆಟ್ಟಗೆ ಮಾಡಾಕೆ ಬಿಡ್ರಿ. ಮಲ್ಲೇಶಪ್ಪ, ಎತ್ತು."

ರಂಗನಾಥ ಎದ್ದ. ಅವನು ನೇರ ಬಂದು ಬಕೆಟ್ಟಿಗೆ ಕೈ ಹಾಕಿದಾಗ ಅನ್ನಪೂರ್ಣಳ ಬೆರಳು ಸಡಿಲವಾಯಿತು. ಮುಗಿಯಿತು ಎಂದುಕೊಂಡಳು. ಅವನು ಬಕೆಟ್ಟನ್ನು ಪಕ್ಕಕ್ಕಿಟ್ಟು, ಜಗಲಿಯ ಕೆಳಗಿದ್ದ ತಾಮ್ರದ ಕೊಡ ತಂದು ಕೊಳದಲ್ಲಿ ಮುಳುಗಿಸಿದ.

"ಮೈ ತೊಳ್ಯಾಕೆ ಇದೇ ನೀರು ಕಾಯಿಸ್ರಿ."

"ಪಾಚಿ ನೀರಾಗೆ ಹೆಂಡ್ತೀನ ಮೀಯಿಸ್ತೀಯೇನೋ?"

"ಪಾಚಿ ಎಲ್ಲೈತವ್ವ?" "ನಾನೂ ನಿನ್ನೇನೇ ನೋಡಿದ್ದು. ಅವಳನ್ನ ಎತ್ತುವಾಗ ಅವಳ ಕನ್ನಡಕ ನೀರಿಗೆ ಬಿತ್ತು. ಆ ಸಂಜೆ ಮಬ್ಬಿನಾಗೂ ತಳದಾಗೆ ಕಾಣ್ತಿತ್ತು. ಇನ್ನೂ ಅಲ್ಲೇ ಐತೆ."

ಅನ್ನಪೂರ್ಣ ಬಗ್ಗಿದಳು. ನೈದಿಲೆ ಎಲೆಗಳ ಸಂದಿಯಲ್ಲಿ, ಮರಳಿನ ಮೇಲೆ, ಕಾಲು ಮಡಚದ ಕನ್ನಡಕ ಮೇಲೆ ನೋಡುತ್ತ ಬಿದ್ದಿತ್ತು. ಅವಳಿಗೆ ಆಗ ಅಳು ಬಂತು.

ಮಲ್ಲೇಶಪ್ಪ ಮತ್ತೆ ಬಕೆಟ್ ಮುಟ್ಟಲಿಲ್ಲ.

*

ಮಣ್ಣು ಮುಗಿಸಿ ಗಂಡಸರು ಬರುವ ಮೊದಲೇ ಅಜ್ಜಮ್ಮ ಮನೆಯ ನೀರನ್ನೆಲ್ಲ ಚೆಲ್ಲಿಸಿದಳು. ಕೊಡ, ಹಂಡೆ, ಫಿಲ್ಟರು, ಫ್ರಿಜ್ಜಿನ ಬಾಟಲಿ, ಒಂದನ್ನೂ ಬಿಡಲಿಲ್ಲ. ಅಂಗಳದ ತುಂಬ ಪಾತ್ರೆಗಳು ಬೋರಲು ಬಿದ್ದಿದ್ದವು. ಒದ್ದೆ ಸೀರೆಯಲ್ಲೇ ಅವುಗಳ ನಡುವೆ ನಡೆಯುತ್ತ ಬಂದು ಕೊಳದ ಹತ್ತಿರ ನಿಂತಳು. ಅನ್ನಪೂರ್ಣ ಬಾಗಿಲಿಗೆ ಬಂದಳು.

ಚರಂಡಿಯ ಅಂಚಿನಲ್ಲಿ ಬೆಳಿಗ್ಗೆ ಬಿದ್ದಿದ್ದ ಬಜೆ ಗಿಡದ ಬೇರು ಒಣಗುತ್ತಿತ್ತು. ಸೂತಕದ ಕೈಯಲ್ಲಿ ಗಿಡ ಮುಟ್ಟಬಾರದೆಂದು ಅಜ್ಜಮ್ಮ ಬಗ್ಗಲಿಲ್ಲ. ಸುತ್ತ ಒಮ್ಮೆ ನೋಡಿ, ಗಿಡವನ್ನು ಕಾಲಿನ ತುದಿಯಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತ ತಂದು ನೀರಿಗೆ ದೂಡಿದಳು. ನೀರು ಕದಡಿತು. ತಳದಲ್ಲಿ ಕನ್ನಡಕ ಮುರಿದು ಹೋದಂತೆ ಅಲುಗಿ, ಮೆಲ್ಲಗೆ ಮತ್ತೆ ಒಂದಾಯಿತು.